ಮ್ಯೂನಿಕ್‌ನಲ್ಲಿ ಮನೆಮಂದಿಯೆಲ್ಲ ಹೋಗಬಹುದಾದ ಬಿಯರ್ ಗಾರ್ಡನ್ ಯಾವುದು?

ಧಾರವಾಡದ ಸೊಸೆ: ಬೇಸಿಗೆಗೆ ಅತ್ತೆ-ಮಾವ ಬರುತ್ತಿದ್ದಾರೆ. ಮಾವನಿಗೆ ಬಿಯರ್ ಗಾರ್ಡನ್ ನೋಡಲೇಬೇಕಂತೆ. ಅತ್ತೆ ಸಸ್ಯಾಹಾರಿ. ನಾಲ್ಕು ವರ್ಷದ ಮಗ ಕೂತಲ್ಲಿ ಕೂರುವವನಲ್ಲ. ಎಲ್ಲಿಗೆ ಹೋಗಲಿ?

ಪಾಸಿಂಗ್‌ವಾಸಿ: ಕಣ್ಣು ಮುಚ್ಚಿಕೊಂಡು ಹಿರ್ಷ್‌ಗಾರ್ಟನ್‌ಗೆ ಹೋಗಿ. ಸುಮಾರು 8,000 ಜನ ಕೂರುವ ಜಾಗ. ಬೇಲಿಯಾಚೆ ಜಿಂಕೆಗಳು, ಪಕ್ಕದ ಪಾರ್ಕಿನಲ್ಲಿ ಜಾರುಬಂಡೆ, ಉಯ್ಯಾಲೆ. ಮಗನ ಕಥೆ ಮುಗೀತು. ಅತ್ತೆಯವರ ಚಿಂತೆಯೂ ಬಿಡಿ, ಇಲ್ಲಿ ಮನೆ ಊಟ ತಂದು ತಿನ್ನಬಹುದು. 1812ರಲ್ಲಿ ಇಲ್ಲಿನ ರಾಜ ಬ್ರೂವರಿಗಳಿಗೆ (ಬಿಯರ್ ತಯಾರಿಸುವವರಿಗೆ) ತಮ್ಮ ಬಿಯರ್ ಇಡುವ ನೆಲಮಾಳಿಗೆಯ ಹತ್ತಿರ ಬಿಯರ್ ಮಾರಲು ಬಿಟ್ಟ, ಊಟ ಮಾರಲು ಬಿಡಲಿಲ್ಲ. ಜನ ಬುತ್ತಿ ಕಟ್ಟಿಕೊಂಡು ಬಂದರು, ಈಗಲೂ ಬರುತ್ತಾರೆ. ನಾವು ಚಿತ್ರಾನ್ನದ ಡಬ್ಬಿ ತೆಗೆದರೆ, ಎದುರಿನ ಅಜ್ಜ ಸುರುಳಿ ಮೂಲಂಗಿಗೆ ಉಪ್ಪು ಉದುರಿಸುತ್ತಾ ಸುಮ್ನೆ ಇಣುಕುತ್ತಾನೆ. ಮೇಜುಬಟ್ಟೆ ಹಾಸಿದ ಕಡೆ ಮಾತ್ರ ಕೂರಬೇಡಿ, ಅಲ್ಲಿ ಅವರದೇ ಊಟ ತಗೊಳ್ಳಬೇಕು. ಕುಡಿಯುವುದನ್ನಂತೂ ಎಲ್ಲಿ ಕೂತರೂ ಅಲ್ಲೇ ಕೊಳ್ಳಬೇಕು.

ಇಸಾರ್ ದಂಡೆ: ಇಂಗ್ಲಿಷ್ ಗಾರ್ಡನ್ ಪಾರ್ಕಿನ ಚೈನೀಸ್ ಟವರ್ ಬಿಯರ್ ಗಾರ್ಡನ್ ಕೂಡ ಚೆನ್ನಾಗಿದೆ. ಪಕ್ಕದಲ್ಲೇ 1913ರ ಮರದ ಕುದುರೆಗಳ ಕ್ಯಾರೋಸೆಲ್ ಇದೆ. ಟೂರಿಸ್ಟ್ ಗದ್ದಲ ಜಾಸ್ತಿ, ಅಷ್ಟೇ.

ಧಾರವಾಡದ ಸೊಸೆ: ಮಾವನಿಗೆ ಒಂದು ಲೀಟರ್ ಮಗ್ ಜಾಸ್ತಿ ಆಗಲ್ವಾ?

ಪಾಸಿಂಗ್‌ವಾಸಿ: ರಾಡ್ಲರ್ ಕೊಡಿಸಿ, ಅರ್ಧ ಬಿಯರ್, ಅರ್ಧ ಲೆಮನೇಡ್. ಮಗನಿಗೆ ಸೋಡಾ ಬೆರೆಸಿದ ಆಪಲ್ ಜ್ಯೂಸ್. ಮಗ್‌ಗೆ ಡೆಪಾಸಿಟ್ ಹಿಡಿದಿರುತ್ತಾರೆ, ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ.