ಎಂ.ಎಸ್ಸಿ. ಪರಿಸರ ವಿಜ್ಞಾನ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್: ಕೆರೆ ನೀರೋ, ಹಳ್ಳದ ಹುಳವೋ? ಮಾಡಿದವರು ಹೇಳಿ

ಹೊಸಬಳು: ಫೆಬ್ರವರಿಯಿಂದ ಮೇವರೆಗೆ 4 ತಿಂಗಳಿದೆ. ನಮ್ಮೂರು ತುಮಕೂರು ಕಡೆ. ಊರ ಕೆರೆಯ ನೀರಿನ ಗುಣಮಟ್ಟ ಮಾಡು ಅಂತ ಗೈಡ್ ಹೇಳ್ತಿದಾರೆ, ಆದರೆ ಮಾರ್ಚ್ ಕೊನೆಗೆ ಅದರಲ್ಲಿ ಮೊಣಕಾಲುದ್ದ ನೀರಷ್ಟೇ ಉಳಿಯೋದು. ಸ್ನೇಹಿತೆ ಶಿವಮೊಗ್ಗ ಕಡೆ ಹಳ್ಳದ ಕೀಟ ಮಾಡ್ತಿದಾಳೆ, ಜೊತೆಗೆ ಬಾ ಅಂತಾಳೆ. ಕೈಯಲ್ಲಿ 15 ಸಾವಿರ ಇದೆ. ಯಾವುದು ಒಳ್ಳೇದು?

ಕೆರೆದಂಡೆ: ಕೆರೆಯೇ ಮಾಡಿ. ಆದರೆ ದುಡ್ಡು ಎಲ್ಲಿ ಸೋರುತ್ತೆ ಅನ್ನೋದನ್ನ ಮೊದಲೇ ತಿಳ್ಕೊಳ್ಳಿ. ನನ್ನದು 6 ಜಾಗ, 15 ದಿನಕ್ಕೊಮ್ಮೆ, ಒಟ್ಟು 8 ಸಲ. 48 ಸ್ಯಾಂಪಲ್ ಅಂತ ಲೆಕ್ಕ ಹಾಕಿದ್ದು, ಬ್ಲಾಂಕು (ಬರೀ ಶುದ್ಧ ನೀರಿನದು) ಡೂಪ್ಲಿಕೇಟು (ಅದೇ ಸ್ಯಾಂಪಲ್ ಇನ್ನೊಮ್ಮೆ) ಸೇರಿ 70 ಫ್ಲಾಸ್ಕ್ ದಾಟಿತು. ಸಿಓಡಿಗೆ (ನೀರಿನ ಕಲ್ಮಶವನ್ನ ರಾಸಾಯನಿಕವಾಗಿ ಸುಡೋಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಪರೀಕ್ಷೆ) 20 ಮಿ.ಲೀ. ಸ್ಯಾಂಪಲ್, 10 ಮಿ.ಲೀ. ಡೈಕ್ರೋಮೇಟ್, 30 ಮಿ.ಲೀ. ಆಸಿಡ್. ಆ ಆಸಿಡ್‌ನಲ್ಲಿ ಕೆ.ಜಿ.ಗೆ 5.5 ಗ್ರಾಂ ಸಿಲ್ವರ್ ಸಲ್ಫೇಟ್ ಇರಬೇಕು, ಅಂದರೆ ಫ್ಲಾಸ್ಕ್‌ಗೆ 0.3 ಗ್ರಾಂ. 25 ಗ್ರಾಂ ಬಾಟಲಿ 80 ಫ್ಲಾಸ್ಕ್‌ಗೆ ಖಾಲಿ. ಹೆಸರಲ್ಲೇ ಬೆಳ್ಳಿ ಇದೆ, ಬೆಲೆ ನೀವೇ ಊಹಿಸಿ. ಗ್ಲಾಸ್ ಬೀಡ್ ಹಾಕೋದು ಮರೆತ ದಿನ ಎರಡು ಫ್ಲಾಸ್ಕ್ ಉಕ್ಕಿ, ಅಷ್ಟು ಬೆಳ್ಳಿ ಸಿಂಕ್ ಪಾಲು.

ಬಿಓಡಿಗೆ (ಕಲ್ಮಶ ತಿನ್ನೋ ಸೂಕ್ಷ್ಮಜೀವಿಗಳು ಎಷ್ಟು ಆಕ್ಸಿಜನ್ ಖರ್ಚು ಮಾಡ್ತವೆ ಅನ್ನೋ ಪರೀಕ್ಷೆ) ಒಂದೇ ಮಾತು: ಗುರುವಾರ ಸ್ಯಾಂಪಲ್ ತರಬೇಡಿ. 27 ಡಿಗ್ರಿಯಲ್ಲಿ 3 ದಿನ ಇಟ್ಟರೆ ಭಾನುವಾರ ಬರುತ್ತೆ, ಲ್ಯಾಬ್ ಬೀಗ ಹಾಕಿರುತ್ತೆ. ಮಂಗಳವಾರ ತಂದು ಶುಕ್ರವಾರ ಟೈಟ್ರೇಟ್ ಮಾಡಿ. ಪ್ರತಿ ಸ್ಯಾಂಪಲ್‌ಗೂ ಮೂರು ಡೈಲ್ಯೂಷನ್ (ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ತೆಳು ಮಾಡಿದ್ದು) ಇಡಿ. ಕೊನೆಗೆ ಬಾಟಲಿಯಲ್ಲಿ ಲೀಟರಿಗೆ ಕನಿಷ್ಠ 1 ಮಿ.ಗ್ರಾಂ. ಆಕ್ಸಿಜನ್ ಉಳಿದಿರಬೇಕು, ಕನಿಷ್ಠ 2 ಖರ್ಚಾಗಿರಬೇಕು. ಇಲ್ಲದಿದ್ದರೆ ಆ ರೀಡಿಂಗ್ ಬರೆಯೋ ಹಾಗೇ ಇಲ್ಲ. ಚರಂಡಿ ಸೇರೋ ಬಾಯಿಯ ನೀರಿಗೆ ಒಂದೇ ಡೈಲ್ಯೂಷನ್ ಇಟ್ಟು ನಾಲ್ಕು ಟ್ರಿಪ್ ಸೊನ್ನೆ ಎಣಿಸಿದೀನಿ.

ಟ್ಯೂಬ್ 16×100: ಸ್ವಾಮಿ, ಸಿಓಡಿಗೆ ಈ ಕಾಲದಲ್ಲೂ ಓಪನ್ ರಿಫ್ಲಕ್ಸಾ, ಫ್ಲಾಸ್ಕ್‌ನಲ್ಲಿ ಕುದಿಸೋದಾ? ಮುಚ್ಚಿದ ಟ್ಯೂಬ್‌ನಲ್ಲಿ 2.5 ಮಿ.ಲೀ. ಸ್ಯಾಂಪಲ್, 1.5 ಡೈಕ್ರೋಮೇಟ್ ದ್ರಾವಣ, 3.5 ಆಸಿಡ್ ಹಾಕಿ, 150 ಡಿಗ್ರಿಯಲ್ಲಿ 2 ಗಂಟೆ ಬಿಟ್ಟರೆ ಮುಗೀತು. ನಿಮ್ಮ ಅದೇ 25 ಗ್ರಾಂ ಬಾಟಲಿ 600 ಟ್ಯೂಬ್‌ಗೂ ಮಿಗುತ್ತೆ. ಈ ಪರೀಕ್ಷೆಯಿಂದ ಬರೋ ಪಾದರಸ, ಕ್ರೋಮಿಯಂ ಕಸವೂ ಸುಮಾರು ಹತ್ತರಲ್ಲೊಂದು ಪಾಲು. ಪರಿಸರ ವಿಜ್ಞಾನ ಓದಿ ಪಾದರಸ ಸಿಂಕಿಗೆ ಬಿಡೋರನ್ನ ಕಂಡರೆ ಮೈ ಉರಿಯುತ್ತೆ.

ಕೆರೆದಂಡೆ: ಆ ಟ್ಯೂಬ್ ಕಾಯಿಸೋ ಡೈಜೆಸ್ಟರ್ ಎಷ್ಟು ಡಿಪಾರ್ಟ್‌ಮೆಂಟಿನಲ್ಲಿದೆ ಹೇಳಿ? ಉಪದೇಶ ಸುಲಭ. ಅದೂ ಅಲ್ಲದೆ ಪಾಚಿ ತುಂಬಿದ ನೀರಲ್ಲಿ 2.5 ಮಿ.ಲೀ. ತೆಗೆದರೆ ಒಂದು ಟ್ಯೂಬ್‌ಗೆ ಪಾಚಿಯ ಮುದ್ದೆ, ಇನ್ನೊಂದಕ್ಕೆ ಬರೀ ನೀರು. ಡೂಪ್ಲಿಕೇಟ್ ತಾಳೆಯಾಗಲ್ಲ.

ಟ್ಯೂಬ್ 16×100: ಮೊದಲು ಮಿಕ್ಸಿಗೆ ಹಾಕಿ ತಿರುಗಿಸಿ, ತಾಳೆಯಾಗುತ್ತೆ. ಡೈಜೆಸ್ಟರ್ ಬೇಕಿಲ್ಲ, ಮೊದಲೇ 150ಕ್ಕೆ ಕಾಯಿಸಿದ ಓವನ್ ಸಾಕು. ಮುಚ್ಚಳದ ಒಳಗೆ ಟೆಫ್ಲಾನ್ ಪದರ ಇರಲೇಬೇಕು. ಸಾದಾ ಮುಚ್ಚಳ ಹಾಕಿದರೆ ಆವಿ ಸೋರಿ ಓವನ್ ತಟ್ಟೆ ತುಕ್ಕು ಹಿಡಿಯುತ್ತೆ. ಹೊರಗೆ ತೆಗೆಯುವಾಗ ಮುಖಕ್ಕೆ ಶೀಲ್ಡ್ ಹಾಕ್ಕೊಳ್ಳಿ.

ಇಂಬಳ: ಇಬ್ಬರೂ ಆಸಿಡ್ಡಿನಲ್ಲೇ ಮುಳುಗಿದ್ದೀರಲ್ಲ ಮಾರಾಯ್ರೆ. ನೀರು ಇವತ್ತು ಹೇಗಿದೆ ಅಂತ ಮಾತ್ರ ಸಿಓಡಿ ಹೇಳ್ತದೆ. ಹುಳ ಕಳೆದ ಕೆಲವು ತಿಂಗಳ ಕಥೆ ಹೇಳ್ತದೆ. 500 ಮೈಕ್ರಾನ್ ಬಲೆ, ಬಿಳಿ ಟ್ರೇ, ಚಿಮುಟ, ಶೀಷೆ, ಇಷ್ಟೇ ಸಾಮಾನು. ಕಲ್ಲಿನ ಮೇಲೆ ನೀರು ಓಡೋ ಜಾಗದಲ್ಲಿ ಬಲೆಯನ್ನ ಕೆಳಮಗ್ಗುಲಿಗೆ ಹಿಡಿದು, ಮುಂದಿನ 1 ಚದರ ಮೀಟರನ್ನ 3 ನಿಮಿಷ ಕಾಲಲ್ಲಿ ಕೆದಕಬೇಕು. ಯಾವಾಗಲೂ ಕೆಳಗಿಂದ ಮೇಲಕ್ಕೆ ಹೋಗಿ. ಮೇಲಿನ ಜಾಗ ಮೊದಲು ಕೆದಕಿದರೆ ಅಲ್ಲಿನ ಹುಳ ತೇಲಿ ಕೆಳಗಿನ ಸ್ಯಾಂಪಲ್ಲಿಗೆ ಸೇರ್ತದೆ.

ಕೆಡೋದು ಎಲ್ಲಿ ಅಂದ್ರೆ ಶೀಷೆಯಲ್ಲಿ. ಮೇಫ್ಲೈ ಅನ್ನೋ ಕೀಟದ ಮರಿಗಳ ಮೈಯೆಲ್ಲ ನೀರು, ಅದು 70% ಆಲ್ಕೋಹಾಲನ್ನ ತೆಳು ಮಾಡ್ತದೆ. ಮರುದಿನವೇ ಬದಲಾಯಿಸದಿದ್ದರೆ ವಾರದಲ್ಲಿ ಕಿವಿರು ಉದುರಿ ಕುಟುಂಬ ಗುರುತಿಸೋಕೆ ಆಗೋದಿಲ್ಲ. ಚೀಟಿಯನ್ನ ಪೆನ್ಸಿಲ್‌ನಲ್ಲೇ ಬರೆದು ಶೀಷೆ ಒಳಗೆ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಲ್ಲಿ ಕರಗಿ 11 ಶೀಷೆ ಯಾವ ಹಳ್ಳದ್ದು ಅಂತಲೇ ತಿಳಿಯದೆ ಎಸೆದಿದ್ದು ಇನ್ನೂ ಉರೀತದೆ. ಹುಳ ಹೆಕ್ಕೋದಕ್ಕೆ ಸ್ಯಾಂಪಲ್ಲಿಗೆ 3-4 ಗಂಟೆ ಇಡಿ. 10 ಹಳ್ಳ, ತಲಾ 3 ಸ್ಯಾಂಪಲ್ ಅಂದ್ರೆ 100 ಗಂಟೆ, ಗುರುತಿಸೋದು ಬೇರೆ.

ಅಭಯಾರಣ್ಯದ ಒಳಗಿನ ಹಳ್ಳ ಬೇಡ. ವನ್ಯಜೀವಿ ಕಾಯ್ದೆ 28ನೇ ಕಲಂ ಪ್ರಕಾರ ಅನುಮತಿ ಬೇಕು. ಅದು ಬರೋ ಹೊತ್ತಿಗೆ ಸೆಮಿಸ್ಟರ್ ಮುಗೀತದೆ. ತೋಟದ ಪಕ್ಕದ ಹಳ್ಳ ಹಿಡೀರಿ.

ಅಯೋಡೈಡ್: ಹುಳ ಎಣಿಸಿದವರಿಗೆ ಕೆಲಸ ಯಾರು ಕೊಡ್ತಾರೆ? ಮತ್ತೆ ಆ ಕಡೆ ಕಾಡಿನ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಬಗ್ಗೆ ಚಕಾರ ಇಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಹುಡುಗಿ ಕೇಳ್ತಿರೋದೂ ಅದೇ ತಿಂಗಳುಗಳು.

ಇಂಬಳ: 1957ರಲ್ಲಿ ಕ್ಯಾಸನೂರಲ್ಲಿ ಕಂಡ ಕಾಯಿಲೆ, ನಮಗೆ ಪಾಠ ಬೇಡ. ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ, ಪ್ಯಾಂಟು ಸಾಕ್ಸಿನ ಒಳಗೆ, ತರಗೆಲೆ ಮೇಲೆ ಕೂರಬಾರದು, ಮನೆಗೆ ಬಂದು ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮರಿ ಉಣುಗು ಎಳ್ಳಿಗಿಂತ ಸಣ್ಣ, ಹುಡುಕಿ ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೆಲಸದ ಮಾತು ಕೇಳಿದ್ದು ಯಾರು ಇಲ್ಲಿ?

ಅಯೋಡೈಡ್: ಸರಿ, ನನ್ನ ವಿಷಯಕ್ಕೆ ಬರ್ತೀನಿ. ಕೆರೆ ಮಾಡೋರೆಲ್ಲ ಆಕ್ಸಿಜನ್ ಮೀಟರ್ ನಂಬಿ ಕೆಡ್ತಾರೆ. ವಿಂಕ್ಲರ್ ಮಾಡಿ, ಅಂದರೆ ನೀರಲ್ಲಿ ಕರಗಿದ ಆಕ್ಸಿಜನ್ನನ್ನ ರಾಸಾಯನಿಕ ಹಾಕಿ ಅಳೆಯೋ ವಿಧಾನ. 300 ಮಿ.ಲೀ. ಬಾಟಲಿ, ಗುಳ್ಳೆ ಇರಬಾರದು, ಮ್ಯಾಂಗನಸ್ ಸಲ್ಫೇಟ್ 1 ಮಿ.ಲೀ., ಅಜೈಡ್ ಸೇರಿಸಿದ ಕ್ಷಾರೀಯ ಅಯೋಡೈಡ್ 1 ಮಿ.ಲೀ. ಹಾಕಿ, ಕಂದು ಕೆನೆ ಕೂತ ಮೇಲೆ ಆಸಿಡ್ 1 ಮಿ.ಲೀ. ಆಮೇಲೆ 201 ಮಿ.ಲೀ. ತೆಗೆದು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ ಬ್ಯುರೆಟ್ ರೀಡಿಂಗೇ ಉತ್ತರ, ಲೀಟರಿಗೆ ಇಷ್ಟು ಮಿ.ಗ್ರಾಂ. ಅಂತ. ಕೆನೆ ಬಿಳಿಯಾಗಿಯೇ ಉಳಿದರೆ ಆಕ್ಸಿಜನ್ ಇಲ್ಲ ಅಂತ. ಟೈಟ್ರೇಟ್ ಮಾಡುವಾಗ ಪಿಷ್ಟದ ನೀಲಿ ಹೋಗಿ ಮತ್ತೆ ಮತ್ತೆ ಬರ್ತಿದ್ರೆ ನೈಟ್ರೈಟ್ ಇದೆ, ನಿಮ್ಮ ಅಜೈಡ್ ಹಳೇದು. ಥಯೋಸಲ್ಫೇಟನ್ನ ವಾರವಾರ ಡೈಕ್ರೋಮೇಟ್ ಎದುರು ತಾಳೆ ನೋಡಿ.

ಟ್ಯೂಬ್ 16×100: ಮೀಟರ್ ತಪ್ಪಲ್ಲ, ಕ್ಯಾಲಿಬ್ರೇಟ್ ಮಾಡೋರ ತಪ್ಪು. 900 ಮೀಟರ್ ಎತ್ತರದಲ್ಲಿ 25 ಡಿಗ್ರಿಗೆ ಆಕ್ಸಿಜನ್ನಿನ ಸಂತೃಪ್ತ ಮಟ್ಟ (ನೀರಲ್ಲಿ ಕರಗಬಲ್ಲಷ್ಟು) ಲೀಟರಿಗೆ ಸುಮಾರು 7.4 ಮಿ.ಗ್ರಾಂ. ಸಮುದ್ರಮಟ್ಟದ 8.26 ಇಟ್ಟುಕೊಂಡು ಹೊರಟರೆ ಎಲ್ಲ ರೀಡಿಂಗೂ ಹೆಚ್ಚು ತೋರಿಸುತ್ತೆ. ಪೊರೆಯ ಪ್ರೋಬನ್ನ ಸುಮ್ಮನೆ ಇಳಿಬಿಟ್ಟರೆ ಮಾತ್ರ ಕಡಿಮೆ ತೋರಿಸುತ್ತೆ, ಅಲ್ಲಾಡಿಸ್ತಾ ಇರಬೇಕು. ಒಂದು ದಿನದಲ್ಲಿ ಬೆಳಗಿನ 5ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಂದು ರೀಡಿಂಗ್ ವಿಂಕ್ಲರ್‌ನಲ್ಲಿ 6 ಜಾಗಕ್ಕೆ ಮಾಡಿ ತೋರಿಸಿ ನೋಡೋಣ. ಪಾಚಿ ಕೆರೆಯಲ್ಲಿ ನಸುಕಿಗೆ ಲೀಟರಿಗೆ 2 ಮಿ.ಗ್ರಾಂ., ಮಧ್ಯಾಹ್ನಕ್ಕೆ 12 ಮಿ.ಗ್ರಾಂ. ಬರೋದೂ ಉಂಟು. 11 ಗಂಟೆಗೆ ಬಸ್ಸಿಳಿದು ತೆಗೆದ ಒಂದೇ ಸ್ಯಾಂಪಲ್‌ನಿಂದ ಕೆರೆ ಚೆನ್ನಾಗಿದೆ ಅಂತ ಬರೆದವರು ಎಷ್ಟು ಜನರೋ.

ಅಯೋಡೈಡ್: ಬಸ್ಸಲ್ಲಿ ಹೋಗೋರನ್ನ ಹೀಯಾಳಿಸಬೇಡಿ. ಎಲ್ಲರ ಹತ್ರ ಬೈಕ್ ಇರಲ್ಲ.

ಹೊಸಬಳು: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನನ್ನ ಕೆರೆ ಬತ್ತುತ್ತೆ ಅಂದಿದ್ದೆ, ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಕೆರೆದಂಡೆ: ಬತ್ತೋದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ. ತೂಬಿನ ಕಲ್ಲಿಗೆ ಸೆಂಟಿಮೀಟರ್ ಗುರುತು ಹಾಕಿ ಪ್ರತಿ ಸಲ ಮಟ್ಟ ಬರ್ಕೊಳ್ಳಿ. ಕ್ಲೋರೈಡ್ ತಪ್ಪಿಸಬೇಡಿ, ಸಿಲ್ವರ್ ನೈಟ್ರೇಟ್ ಟೈಟ್ರೇಶನ್, 50 ಮಿ.ಲೀ. ಸಾಕು. ಅದನ್ನ ಗಿಡವೂ ತಿನ್ನಲ್ಲ, ಮಣ್ಣೂ ಹಿಡ್ಕೊಳ್ಳಲ್ಲ. ಕ್ಲೋರೈಡ್ ಎರಡು ಪಟ್ಟಾಗಿ ಫಾಸ್ಫೇಟೂ ಎರಡೇ ಪಟ್ಟಾದರೆ ನೀರು ಆವಿಯಾಗಿ ಗಟ್ಟಿಯಾಗಿದೆ ಅಷ್ಟೆ. ಫಾಸ್ಫೇಟ್ ಐದು ಪಟ್ಟಾದರೆ ಎಲ್ಲಿಂದಲೋ ಸೇರ್ತಿದೆ, ಚರಂಡಿಯಿಂದಲೋ ತಳದ ಹೂಳಿಂದಲೋ ಹುಡುಕಿ. ಫಾಸ್ಫೇಟ್ ಬಾಟಲಿಯನ್ನ ಸೋಪುಪುಡಿಯಲ್ಲಿ ತೊಳೀಬೇಡಿ, ಆಸಿಡ್‌ನಲ್ಲಿ ತೊಳೀರಿ.

ಟ್ಯೂಬ್ 16×100: ಆ ಆಸಿಡ್ಡೂ ಸಿಂಕಿಗೇ ತಾನೆ?

ಕೆರೆದಂಡೆ: ಸುಣ್ಣ ಹಾಕಿ ಬಿಡ್ತೀವಿ ಸ್ವಾಮಿ, ನಿಮ್ಮ ಅಪ್ಪಣೆ ಇದ್ದರೆ.