ಮೊಬೈಲ್ ಡೇಟಾದಲ್ಲಿ ಮಾತ್ರ ಮೊದಲ ಎಪಿಐ ಕೋರಿಕೆಗೆ 10 ಸೆಕೆಂಡ್ ತಡವಾಗುತ್ತಿದೆ, ಕಾರಣವೇನಿರಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೋಟ್ಲಿನ್‌ನಲ್ಲಿ ಬರೆದಿರುವ ನನ್ನ ಆಂಡ್ರಾಯ್ಡ್ ಆ್ಯಪ್, ರೆಟ್ರೋಫಿಟ್ ಮತ್ತು ಓಕೆಎಚ್‌ಟಿಟಿಪಿ 4 ಎಂಬ ನೆಟ್‌ವರ್ಕ್ ಲೈಬ್ರರಿಗಳ ಮೂಲಕ, ನಾವೇ ನೋಡಿಕೊಳ್ಳುವ ಸರ್ವರ್‌ನಿಂದ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ಮನೆಯ ವೈಫೈಯಲ್ಲಿ ಪಟ್ಟಿ ಅರ್ಧ ಸೆಕೆಂಡಿನಲ್ಲಿ ಬರುತ್ತದೆ. ಅದೇ ಫೋನ್ ಮೊಬೈಲ್ ಡೇಟಾದಲ್ಲಿದ್ದರೆ, ಆ್ಯಪ್ ತೆರೆದ ನಂತರದ ಮೊದಲ ಕೋರಿಕೆಗೆ ಪ್ರತಿ ಸಲವೂ 10 ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ; ಆಮೇಲಿನವು ಬೇಗ ಬರುತ್ತವೆ. ಆ್ಯಪನ್ನು ಪೂರ್ತಿ ಮುಚ್ಚಿ ತೆರೆದರೆ ಮತ್ತೆ ಅದೇ ಕಥೆ. ದೋಷದ ಸಂದೇಶ ಯಾವುದೂ ಇಲ್ಲ, ಕೊನೆಗೆ 200 (ಯಶಸ್ವಿ) ಎಂಬ ಉತ್ತರವೇ ಸಿಗುತ್ತದೆ. ಅದೇ ಫೋನಿನ ಕ್ರೋಮ್‌ನಲ್ಲಿ, ಅದೇ ಮೊಬೈಲ್ ಡೇಟಾದಲ್ಲಿ, ಅದೇ ವಿಳಾಸ ತಕ್ಷಣ ತೆರೆದುಕೊಳ್ಳುತ್ತದೆ. ಸರ್ವರ್‌ನ ಲಾಗ್ ನೋಡಿದರೆ ಪ್ರತಿ ಕೋರಿಕೆಯೂ 100 ಮಿಲಿಸೆಕೆಂಡಿನೊಳಗೆ ಮುಗಿದಿದೆ. ಎಲ್ಲಿಂದ ಹುಡುಕಬೇಕೆಂದು ತಿಳಿಯದಾಗಿದೆ.

ಉತ್ತರ

ನಿಮ್ಮ ವಿವರಣೆಯಲ್ಲಿ ನನಗೆ ಎದ್ದು ಕಂಡದ್ದು ಆ 10 ಎಂಬ ಅಂಕಿ. ಸಿಗ್ನಲ್ ದುರ್ಬಲವಾಗಿದ್ದರೆ ಒಮ್ಮೆ 3, ಇನ್ನೊಮ್ಮೆ 14 ಎಂದು ಏರುಪೇರಾಗಬೇಕಿತ್ತು. ಓಕೆಎಚ್‌ಟಿಟಿಪಿಯಲ್ಲಿ ಸಂಪರ್ಕಕ್ಕಾಗಿ ಕಾಯುವ ಗಡುವು, ನಾವಾಗಿ ಬದಲಿಸದಿದ್ದರೆ, ಸರಿಯಾಗಿ 10 ಸೆಕೆಂಡ್. ಹಾಗಾಗಿ ಮೊದಲು ಪ್ರಯತ್ನಿಸಿದ ಐಪಿ ವಿಳಾಸ ಗಡುವು ಮುಗಿಯುವವರೆಗೂ ಮೌನವಾಗಿದ್ದು, ಲೈಬ್ರರಿ ತಾನಾಗಿಯೇ ಎರಡನೆಯ ವಿಳಾಸಕ್ಕೆ ಹೋಗಿ ಯಶಸ್ವಿಯಾಗುತ್ತಿದೆ ಎಂಬುದು ನನ್ನ ಊಹೆ. ನಿಮಗೆ ದೋಷ ಕಾಣದಿರುವುದೂ ಅದರಿಂದಲೇ.

ಕೋರಿಕೆಗಳನ್ನು ದಾಖಲಿಸುವ ಲಾಗಿಂಗ್ ಇಂಟರ್‌ಸೆಪ್ಟರ್ ಒಟ್ಟು ಕಾಲವನ್ನಷ್ಟೇ ತೋರಿಸುವುದರಿಂದ ಇಲ್ಲಿ ಪ್ರಯೋಜನಕ್ಕೆ ಬಾರದು. ಕ್ಲೈಂಟ್‌ಗೆ ಪ್ರತಿ ಹಂತವನ್ನೂ ತಿಳಿಸುವ ಒಂದು ಇವೆಂಟ್‌ಲಿಸನರ್ ಸೇರಿಸಿ, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಹುಡುಕಾಟ ಮುಗಿದಾಗ ಸಿಕ್ಕ ವಿಳಾಸಗಳನ್ನೂ, ಸಂಪರ್ಕ ಆರಂಭವಾದ ಮತ್ತು ವಿಫಲವಾದ ಕ್ಷಣಗಳನ್ನೂ ಬರೆದಿಟ್ಟುಕೊಂಡು ಇಲ್ಲಿ ತಿಳಿಸಿ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆ ಮಾಡಿದೆ. ಮೊಬೈಲ್ ಡೇಟಾದಲ್ಲಿ ಎರಡು ವಿಳಾಸಗಳು ಬರುತ್ತವೆ: ಮೊದಲನೆಯದು ಐಪಿವಿ6 (ಹೊಸ ಬಗೆಯ ಐಪಿ ವಿಳಾಸ), ಎರಡನೆಯದು ಐಪಿವಿ4 (ಹಳೆಯ ಬಗೆಯದು). ಐಪಿವಿ6 ವಿಳಾಸದ ಪ್ರಯತ್ನ 10 ಸೆಕೆಂಡಿನ ನಂತರ ವಿಫಲವಾಗುತ್ತದೆ, ಒಡನೆಯೇ ಐಪಿವಿ4ರಲ್ಲಿ ಸಂಪರ್ಕ ಸಿಗುತ್ತದೆ. ಆದರೆ ಕ್ರೋಮ್‌ಗೆ ಈ ತೊಂದರೆ ಏಕಿಲ್ಲ?

ಇನ್ನೊಬ್ಬರ ಉತ್ತರ

ಕ್ರೋಮ್ ಒಂದು ವಿಳಾಸ ಸೋಲುವವರೆಗೂ ಕಾಯುತ್ತ ಕೂರುವುದಿಲ್ಲ. ಐಪಿವಿ6ರಿಂದ ಕ್ಷಣಾರ್ಧದಲ್ಲಿ ಉತ್ತರ ಬಾರದಿದ್ದರೆ ಐಪಿವಿ4ರ ಪ್ರಯತ್ನವನ್ನೂ ಜೊತೆಯಲ್ಲೇ ಆರಂಭಿಸಿ, ಯಾವುದು ಮೊದಲು ಕೂಡುತ್ತದೆಯೋ ಅದನ್ನು ಇಟ್ಟುಕೊಳ್ಳುತ್ತದೆ. ಹ್ಯಾಪಿ ಐಬಾಲ್ಸ್ ಎಂದು ಕರೆಯಲಾಗುವ ಈ ಕ್ರಮವನ್ನು 2017ರ ಆರ್‌ಎಫ್‌ಸಿ 8305 ಎಂಬ ಇಂಟರ್ನೆಟ್ ಮಾನದಂಡ ದಾಖಲೆ ವಿವರಿಸುತ್ತದೆ. ಎರಡು ಪ್ರಯತ್ನಗಳ ನಡುವೆ 250 ಮಿಲಿಸೆಕೆಂಡ್ ಅಂತರವಿರಲಿ ಎಂದು ಅದು ಸೂಚಿಸುತ್ತದೆ. ಓಕೆಎಚ್‌ಟಿಟಿಪಿ 4 ಮಾತ್ರ ಒಂದಾದ ಮೇಲೊಂದರಂತೆ ಪ್ರಯತ್ನಿಸುತ್ತದೆ. ಒಮ್ಮೆ ಕೂಡಿದ ಸಂಪರ್ಕವನ್ನು ಮರುಬಳಸುವುದರಿಂದ ನಿಮ್ಮ ಮುಂದಿನ ಕೋರಿಕೆಗಳು ಬೇಗ ಮುಗಿಯುತ್ತಿವೆ. ಮನೆಯ ವೈಫೈಯಲ್ಲಿ ಐಪಿವಿ6 ಇರಲಾರದು, ಆದ್ದರಿಂದ ಅಲ್ಲಿ ದೋಷ ಬೆಳಕಿಗೇ ಬಂದಿಲ್ಲ.

ಮೌನಕ್ಕೂ ನಿರಾಕರಣೆಗೂ ವ್ಯತ್ಯಾಸವಿದೆ ಎಂಬುದನ್ನು ಗಮನಿಸಿ. ಆ ವಿಳಾಸದಲ್ಲಿ ಯಂತ್ರವಿದ್ದು ಪೋರ್ಟ್ ಮುಚ್ಚಿದ್ದರೆ ಸಾಮಾನ್ಯವಾಗಿ ನಿರಾಕರಣೆ ತಕ್ಷಣ ಬರುತ್ತದೆ, 10 ಸೆಕೆಂಡ್ ಕಾಯಬೇಕಾಗಿಲ್ಲ. ಹಾಗಾಗಿ ಒಂದೋ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತಿದೆ, ಇಲ್ಲವೇ ಆ ವಿಳಾಸದಲ್ಲಿ ಈಗ ಯಾರೂ ಇಲ್ಲ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಕೋರಿಕೆ ಕಳಿಸುವ ಕರ್ಲ್ ಆದೇಶಕ್ಕೆ -6 (ಐಪಿವಿ6 ಮಾತ್ರ ಬಳಸು ಎಂಬ ಆಯ್ಕೆ) ಸೇರಿಸಿ ನಡೆಸಿದರೆ ಆ್ಯಪ್‌ನ ಗೊಡವೆಯಿಲ್ಲದೆ ಇದು ಖಚಿತವಾಗುತ್ತದೆ.

ದಯವಿಟ್ಟು ಗಡುವನ್ನು 2 ಸೆಕೆಂಡಿಗೆ ಇಳಿಸಿ ಸುಮ್ಮನಾಗಬೇಡಿ. ನಿಮ್ಮ ಫೋನಿನಲ್ಲಿ ಅದು ಪರಿಹಾರದಂತೆ ಕಾಣುತ್ತದೆ, ಆದರೆ ನಿಜವಾಗಿಯೂ ನಿಧಾನದ ಜಾಲದಲ್ಲಿರುವವರಿಗೆ ಆ್ಯಪ್ ಕೆಲಸವನ್ನೇ ಮಾಡದಂತಾಗುತ್ತದೆ. ಓಕೆಎಚ್‌ಟಿಟಿಪಿ 5ರಲ್ಲಿ ಜೊತೆಜೊತೆಯ ಪ್ರಯತ್ನ ತಾನಾಗಿಯೇ ನಡೆಯುತ್ತದೆ. ಅದಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದೇ, ಆದರೂ ಸರಿಪಡಿಸಬೇಕಾದದ್ದು ಡಿಎನ್‌ಎಸ್‌ನಲ್ಲಿದೆ.

ಪ್ರಶ್ನೆ ಕೇಳಿದವರು

ನಿಮ್ಮಿಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸರ್ವರನ್ನು ಬೇರೆ ಕಡೆಗೆ ಸ್ಥಳಾಂತರಿಸಿದಾಗ ಡಿಎನ್‌ಎಸ್‌ನ ಎ ದಾಖಲೆಯನ್ನು (ಐಪಿವಿ4 ವಿಳಾಸ) ಬದಲಿಸಿದ್ದ ನಾನು, ಎಎಎಎ ದಾಖಲೆಯನ್ನು (ಐಪಿವಿ6 ವಿಳಾಸ) ಹಾಗೆಯೇ ಬಿಟ್ಟಿದ್ದೆ. ಅದು ಇನ್ನೂ ಹಳೆಯ ಯಂತ್ರದ ವಿಳಾಸವನ್ನೇ ತೋರಿಸುತ್ತಿತ್ತು. ಸದ್ಯಕ್ಕೆ ಆ ದಾಖಲೆಯನ್ನು ಅಳಿಸಿದ್ದೇನೆ. ಅದರ ಟಿಟಿಎಲ್, ಅಂದರೆ ಇತರರು ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, 86400 ಸೆಕೆಂಡ್ ಇದ್ದುದರಿಂದ ಒಂದು ದಿನ ಕಾಯಬೇಕಾಯಿತು. ಇಂದು ಬೆಳಿಗ್ಗೆ ಮೊಬೈಲ್ ಡೇಟಾದಲ್ಲಿಯೂ ಮೊದಲ ಕೋರಿಕೆ ಒಂದು ಸೆಕೆಂಡಿನೊಳಗೆ ಮುಗಿಯಿತು. ಹೊಸ ಸರ್ವರ್‌ಗೂ ಐಪಿವಿ6 ವಿಳಾಸವಿದೆ. ಅದನ್ನು ಡಿಎನ್‌ಎಸ್‌ಗೆ ಸೇರಿಸುವ ಮೊದಲು ಏನನ್ನು ನೋಡಿಕೊಳ್ಳಬೇಕು?

ಮೊದಲು ಉತ್ತರಿಸಿದವರು

ಎಂಜಿನ್‌ಎಕ್ಸ್ ವೆಬ್ ಸರ್ವರ್ ಬಳಸುತ್ತಿದ್ದರೆ, ಎಚ್‌ಟಿಟಿಪಿಎಸ್‌ನ 443ನೇ ಪೋರ್ಟ್‌ಗೆ ಐಪಿವಿ4ರ ಲಿಸನ್ ಸಾಲಿನ ಜೊತೆಗೆ ಐಪಿವಿ6ರದ್ದೂ ಬೇರೆಯಾಗಿ ಇರಬೇಕು. ಫೈರ್‌ವಾಲ್‌ನ ಐಪಿವಿ6 ನಿಯಮಗಳು ಎಷ್ಟೋ ವ್ಯವಸ್ಥೆಗಳಲ್ಲಿ ಪ್ರತ್ಯೇಕವಾಗಿರುತ್ತವೆ, ಅವನ್ನೂ ನೋಡಿ. ಡಿಎನ್‌ಎಸ್ ಕೇಳದೆ ನಾವು ಕೊಟ್ಟ ವಿಳಾಸವನ್ನೇ ಬಳಸುವ ಕರ್ಲ್‌ನ ರಿಸಾಲ್ವ್ ಆಯ್ಕೆಯಲ್ಲಿ ಹೊಸ ವಿಳಾಸವನ್ನು ಕೊಟ್ಟು, ಹಾಟ್‌ಸ್ಪಾಟ್‌ನಿಂದ ಕೋರಿಕೆ ಸಲ್ಲುತ್ತದೆಯೇ ಎಂದು ಪರೀಕ್ಷಿಸಿ. ದಾಖಲೆಯನ್ನು ಸೇರಿಸುವಾಗ ಟಿಟಿಎಲ್ ಅನ್ನು 300ಕ್ಕೆ ಇಟ್ಟಿರಿ. ಎಡವಟ್ಟಾದರೆ ಇಡೀ ದಿನ ಕಾಯಬೇಕಾಗದು.