ಮರ್ಫಿಗಳೆಲ್ಲ ಒಂದೇ ಮನೆತನದವರಾ?

ಪ್ರಶ್ನೆ, ಹುಬ್ಬಳ್ಳಿಯಿಂದ:
2024ರಲ್ಲಿ ನಟ ಕಿಲಿಯನ್ ಮರ್ಫಿಗೆ ಆಸ್ಕರ್ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ವೆರೋನಾ ಮರ್ಫಿ ಐರ್ಲೆಂಡಿನ ಕೆಳಮನೆಗೆ ಸ್ಪೀಕರ್ ಆದರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಅಲ್ಲೇ ಪಾಲ್ ಮರ್ಫಿ ಅಂತ ಇನ್ನೊಬ್ಬ ಸದಸ್ಯರಿದ್ದಾರೆ. ನಮ್ಮಜ್ಜನ ಅಟ್ಟದ ಮೇಲಿರುವ ರೇಡಿಯೋ ಕೂಡ ಮರ್ಫಿ! ಇವರೆಲ್ಲ ಸಂಬಂಧಿಕರಾ?

ಉತ್ತರ, ಐರ್ಲೆಂಡಿನ ಕಾರ್ಕ್‌ನಿಂದ:
ಅಲ್ಲ. ನಾನಿಲ್ಲಿ ನರ್ಸ್. ಕಿಲಿಯನ್ ಈ ಊರಿನವರೇ. ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವ ಮನೆತನದ ಹೆಸರು ಇದು. ಐರಿಷ್‌ನಲ್ಲಿ ಓ ಮುರಖೂ. 'ಓ' ಅಂದರೆ ಮೊಮ್ಮಗ, ವಂಶದವನು. ಮೂಲಪುರುಷನ ಹೆಸರಿಗೆ ಕಡಲ ಕಾಳಗದವನು ಅಂತ ಅರ್ಥ. ಆದರೆ ಆ ಹೆಸರಿನವನು ಒಬ್ಬನೇ ಇರಲಿಲ್ಲ. ವೆಕ್ಸ್‌ಫರ್ಡ್ ಕಡೆಯ ಮನೆತನ ಬೇರೆ, ಉತ್ತರದ ಟಿರೋನ್ ಕಡೆಯದು ಬೇರೆ. ಟಿರೋನಿನವರದು 'ಮ್ಯಾಕ್', ಅಂದರೆ ಮಗ. ಇಂಗ್ಲಿಷಿನಲ್ಲಿ ಬರೆಯುವಾಗ ಓ, ಮ್ಯಾಕ್ ಎರಡೂ ಬಿದ್ದುಹೋಗಿ ಎಲ್ಲರೂ ಮರ್ಫಿ ಆದರು.

ಹೋದ ಚಳಿಗಾಲ ನಮ್ಮ ವಾರ್ಡಿನಲ್ಲಿ ಅಕ್ಕಪಕ್ಕದ ಮೂರು ಹಾಸಿಗೆಯಲ್ಲಿ ಮೂವರು ಮರ್ಫಿ. ಇಬ್ಬರ ಮೊದಲ ಹೆಸರೂ ಒಂದೇ. ಮಾತ್ರೆ ಕೊಡುವ ಮುಂಚೆ ಕೈಪಟ್ಟಿ ಓದಿ, ಹುಟ್ಟಿದ ತಾರೀಖನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ಅವತ್ತು ನನ್ನ ಕೈ ನಡುಗುತ್ತಿತ್ತು. ಹಳ್ಳಿಯಿಂದ ಬಂದಿದ್ದ ಅಜ್ಜಿಗೆ ಮಾತ್ರ ಗೊಂದಲವೇ ಇಲ್ಲ. ಅವರ ಊರಲ್ಲಿ ಒಂದೊಂದು ಮರ್ಫಿ ಮನೆಗೂ ಒಂದೊಂದು ಅಡ್ಡಹೆಸರು ಇದೆಯಂತೆ.

ಉತ್ತರ, ಧಾರವಾಡದಿಂದ:
ನಮ್ಮ ಪಾಟೀಲರ ಹಾಗೇ ಅಲ್ವಾ? ಊರಿಗೊಬ್ಬರು, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ.

ಕಾರ್ಕ್‌ನಿಂದ ಮತ್ತೆ:
ಸ್ವಲ್ಪ ವ್ಯತ್ಯಾಸ ಇದೆ. ಪಾಟೀಲ ಅನ್ನುವುದು ಕೆಲಸದಿಂದ ಬಂದಿದ್ದು, ಮರ್ಫಿ ಹಿರಿಯರೊಬ್ಬರ ಹೆಸರಿನಿಂದ. ಹಾಗಂತ ರಕ್ತ ಒಂದೇ ಇರಬೇಕು ಅಂತಲೂ ಇಲ್ಲ. ಅಮೆರಿಕದ ಕೆಂಟಕಿಯ ಐಸಾಕ್ ಮರ್ಫಿ ಕರಿಯ ಜಾಕಿ, ಅಂದರೆ ರೇಸಿನ ಕುದುರೆ ಸವಾರ. ಹುಟ್ಟಿದಾಗ ಅವರು ಐಸಾಕ್ ಬರ್ನ್ಸ್. ಆಮೇಲೆ ತಾಯಿಯ ತಂದೆಯ ಮರ್ಫಿ ಹೆಸರು ಇಟ್ಟುಕೊಂಡರು. 1884, 1890, 1891ರಲ್ಲಿ ಕೆಂಟಕಿ ಡರ್ಬಿ ಅನ್ನುವ ದೊಡ್ಡ ಕುದುರೆ ರೇಸ್ ಗೆದ್ದರು. ಗುಲಾಮಗಿರಿ ಇನ್ನೂ ಇದ್ದಾಗ ಹುಟ್ಟಿದವರು!

ರೇಡಿಯೋ ಇಂಗ್ಲೆಂಡಿನ ಫ್ರಾಂಕ್ ಮರ್ಫಿಯದು. 1929ರಲ್ಲಿ ಪಾಲುದಾರರ ಜೊತೆ ಕಂಪನಿ ಶುರುಮಾಡಿದರು. ಇನ್ನೊಬ್ಬ ಫ್ರಾಂಕ್ ಮರ್ಫಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಮನೆ ಬಿಡಿಸಿದ್ದನ್ನು 1944ರಲ್ಲಿ ಕೋರ್ಟು ಸರಿ ಅಂದಾಗ, ಇದು ಜನಾಂಗದ್ವೇಷ ಅಂತ ತೀರ್ಪಿನಲ್ಲೇ ಬರೆದು ವಿರೋಧಿಸಿದರು. ಮರ್ಫಿಗಳಲ್ಲಿ ನನಗೆ ಅತಿ ಪ್ರೀತಿ ಇವರ ಮೇಲೆ.

ಹುಬ್ಬಳ್ಳಿಯಿಂದ:
ತುಂಬಾ ಥ್ಯಾಂಕ್ಸ್ ಅಕ್ಕಾ. ಆ ಅಜ್ಜಿಯ ಮನೆಯ ಅಡ್ಡಹೆಸರು ಏನು ಅಂತ ಕೇಳಿದ್ರಾ?